ವೃದ್ಧಾಶ್ರಮದ ರಾತ್ರಿಪಾಳಿ

ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿಕೊಂಡು ಮೂವತ್ತು ವರ್ಷಕ್ಕೆ ಹತ್ತಿರವಾಯಿತು. ಚರ್ಚಾಸ್ಪರ್ಧೆ, ಪ್ರಬಂಧ ಸ್ಪರ್ಧೆಗಳ ತೀರ್ಪುಗಾರಳಾಗಿ ಕೂತು ಕೂತು ಅವುಗಳ ವಿಷಯಗಳೆಲ್ಲ ನನಗೆ ಮಗ್ಗಿಯಂತೆ ಬಾಯಿಪಾಠ. ದೂರದರ್ಶನದಿಂದ ಲಾಭವೋ ನಷ್ಟವೋ ಎಂಬುದು ಹೋಗಿ ಮೊಬೈಲಿನಿಂದ ಲಾಭವೋ ನಷ್ಟವೋ ಎಂದಾಯಿತು. ಖಡ್ಗ ಮೇಲೋ ಲೇಖನಿ ಮೇಲೋ ಎಂದು ಈಗ ಯಾರೂ ಕೇಳುವುದಿಲ್ಲ. ಆದರೆ ‘ವೃದ್ಧಾಶ್ರಮಗಳು ಬೇಕೆ? ಬೇಡವೆ?’ ಎಂಬ ವಿಷಯ ಮಾತ್ರ ಕದಲದೆ ಕೂತಿದೆ. ಬೇಡ ಎನ್ನುವ ಕಡೆಗೆ ಹತ್ತು ಮಕ್ಕಳು ನಿಂತರೆ, ಬೇಕು ಎನ್ನುವ ಕಡೆಗೆ ಯಾರಾದರೊಬ್ಬರನ್ನು ನಾವೇ ಗದರಿಸಿ ನಿಲ್ಲಿಸಬೇಕು. ಬಹುಮಾನ ಯಾರಿಗೆಂದು ಮೊದಲೇ ಗೊತ್ತು. ಒಂಬತ್ತು ತಿಂಗಳು ಹೊತ್ತ ತಾಯಿ, ಹೊಟ್ಟೆ ಬಟ್ಟೆ ಕಟ್ಟಿ ಓದಿಸಿದ ತಂದೆ, ಅಮೆರಿಕಾಕ್ಕೆ ಹಾರಿದ ಮಗ, ಮೂಗು ಮುರಿಯುವ ಸೊಸೆ, ಕೊನೆಗೆ ವೃದ್ಧಾಶ್ರಮದ ಕಿಟಕಿಯಲ್ಲಿ ದಾರಿ ಕಾಯುವ ಎರಡು ಕಣ್ಣು. ಇಷ್ಟನ್ನು ಗಂಟಲು ಕಟ್ಟಿದ ದನಿಯಲ್ಲಿ ಹೇಳಿದವರಿಗೆ ಮೊದಲ ಸ್ಥಾನ.

ಮಕ್ಕಳನ್ನು ದೂರುವುದಕ್ಕೆ ನಾನು ಈ ಮಾತು ಹೇಳುತ್ತಿಲ್ಲ. ಅವರು ಹೇಳುವುದು ಅವರ ಮಾತಲ್ಲ, ನಮ್ಮ ಸಿನಿಮಾ, ಧಾರಾವಾಹಿ, ಕಥೆ, ಭಾಷಣಗಳು ಎಪ್ಪತ್ತು ವರ್ಷಗಳಿಂದ ಕಲಿಸಿಕೊಟ್ಟ ಮಾತು. ಆ ಕಥೆಯನ್ನೇ ಸ್ವಲ್ಪ ಹತ್ತಿರ ಕರೆದು ಕೂರಿಸಿಕೊಂಡು ನೋಡೋಣ ಎಂಬುದು ಈ ಬರೆಹದ ಉದ್ದೇಶ.

ಕಥೆಯ ಬೇರು ಹಳೆಯದು. 1958ರಲ್ಲಿ ಬಿ.ಆರ್. ಪಂತುಲು ಅವರು ತಾವೇ ನಿರ್ದೇಶಿಸಿ, ತಾವೇ ಮೇಷ್ಟ್ರ ಪಾತ್ರ ವಹಿಸಿದ ‘ಸ್ಕೂಲ್ ಮಾಸ್ಟರ್’ ಚಿತ್ರವನ್ನು ನೋಡದ ನಮ್ಮ ತಲೆಮಾರಿನ ಶಿಕ್ಷಕರು ಕಡಿಮೆ. ನಿವೃತ್ತರಾದ ಮೇಷ್ಟ್ರನ್ನು ಒಬ್ಬ ಮಗ, ಅವರ ಹೆಂಡತಿಯನ್ನು ಇನ್ನೊಬ್ಬ ಮಗ ಹಂಚಿಕೊಳ್ಳುತ್ತಾರೆ. ಮುಪ್ಪಿನಲ್ಲಿ ದಂಪತಿಗಳು ಅಗಲುತ್ತಾರೆ. ಹೆಂಡತಿಯಾಗಿ ಎಂ.ವಿ. ರಾಜಮ್ಮನವರ ಮುಖ ನೋಡಿದರೆ ಕಲ್ಲೂ ಕರಗಬೇಕು. ಕೊನೆಗೆ ಅವರ ಕೈ ಹಿಡಿಯುವವನು ಪೊಲೀಸ್ ಅಧಿಕಾರಿಯಾಗಿ ಬಂದ ಹಳೆಯ ವಿದ್ಯಾರ್ಥಿ. ಹಿಂದಿಯಲ್ಲಿ 2003ರಲ್ಲಿ ಬಂದ ‘ಬಾಗಬಾನ್’ ಇದೇ ದಾರಿಯಲ್ಲಿ ನಡೆಯಿತು. ಅದನ್ನು ನಮ್ಮಲ್ಲಿ ವಿಜಯಲಕ್ಷ್ಮಿ ಸಿಂಗ್ ಅವರು 2007ರಲ್ಲಿ ‘ಈ ಬಂಧನ’ ಎಂದು ತೆಗೆದರು. ವಿಷ್ಣುವರ್ಧನ್, ಜಯಪ್ರದಾ ಅಭಿನಯಿಸಿದ ಆ ಚಿತ್ರವನ್ನು ನಮ್ಮ ಬೀದಿಯ ಹೆಂಗಸರೆಲ್ಲ ಟಿ.ವಿ. ಮುಂದೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ನೋಡಿದ್ದೇವೆ. ನಾನೂ ಅತ್ತಿದ್ದೇನೆ. ಅತ್ತಿದ್ದರ ಬಗ್ಗೆ ನನಗೆ ನಾಚಿಕೆಯೇನಿಲ್ಲ. ಕಲಾವಿದರ ಶಕ್ತಿ ಅದು.

ಆದರೆ ಅಳು ನಿಂತ ಮೇಲೆ ಒಂದು ಮಾತು ಗಮನಿಸಿ. ಈ ಚಿತ್ರಗಳಲ್ಲಿನ ಹಿರಿಯರಿಗೆ ಮುಪ್ಪು ಬಂದಿದೆಯೇ ಹೊರತು ಮುಪ್ಪಿನ ಕಾಯಿಲೆ ಬಂದಿಲ್ಲ. ಮೇಷ್ಟ್ರು ನಡೆಯುತ್ತಾರೆ, ಮಾತಾಡುತ್ತಾರೆ, ಸ್ವಾಭಿಮಾನದಿಂದ ತಲೆಯೆತ್ತಿ ನಿಲ್ಲುತ್ತಾರೆ. ‘ಬಾಗಬಾನ್’ನ ತಂದೆಯಂತೂ ಪುಸ್ತಕವನ್ನೇ ಬರೆದು ಪ್ರಸಿದ್ಧನಾಗುತ್ತಾನೆ. ಅವರಿಗೆ ಬೇಕಾಗಿರುವುದು ಪ್ರೀತಿ, ಗೌರವ, ಒಂದು ಲೋಟ ಬಿಸಿ ಕಾಫಿ. ಹಾಸಿಗೆಯಲ್ಲೇ ಎಲ್ಲ ಆಗುವವರು, ಹೆತ್ತ ಮಗನನ್ನು ‘ಯಾರಪ್ಪಾ ನೀನು?’ ಎಂದು ಕೇಳುವವರು, ಸಂಜೆಯಾಗುತ್ತಲೇ ‘ನಮ್ಮ ಮನೆಗೆ ಹೋಗಬೇಕು’ ಎಂದು ತಮ್ಮ ಮನೆಯ ಬಾಗಿಲನ್ನೇ ಬಡಿಯುವವರು ಅಲ್ಲಿ ಇಲ್ಲ. ಪ್ರೀತಿಯಿಂದ ಮಾತ್ರ ತುಂಬಬಹುದಾದ ಕೊರತೆಯನ್ನಷ್ಟೇ ತೋರಿಸಿದರೆ, ಪ್ರೀತಿ ಕೊಡದ ಮಗ ಪಾಪಿ ಎಂದು ಹೇಳಿ ಕಥೆ ಮುಗಿಸುವುದು ಸುಲಭ. ಎಂಬತ್ತು ದಾಟಿ ತೊಡೆಮೂಳೆ ಮುರಿದುಕೊಂಡು ಮಲಗಿದವರಿಗೆ ಪ್ರೀತಿಯ ಜತೆಗೆ ಇನ್ನೂ ಹಲವು ಸಾಮಾನು, ಹಲವು ಕೈ ಬೇಕು. ಆ ಕೈಗಳು ಯಾರವು ಎಂಬ ಪ್ರಶ್ನೆ ಬಂದ ಕಡೆ ಕಥೆ ಮೌನವಾಗುತ್ತದೆ.

ಕಥೆ ನಮ್ಮ ಕಣ್ಣನ್ನು ಎಷ್ಟು ಪಳಗಿಸಿದೆ ಎಂಬುದಕ್ಕೆ ಒಂದು ಛಾಯಾಚಿತ್ರ ಸಾಕ್ಷಿ. 2007ರಲ್ಲಿ ಗುಜರಾತಿನ ಪತ್ರಿಕಾ ಛಾಯಾಗ್ರಾಹಕರೊಬ್ಬರು ತೆಗೆದದ್ದು. ಶಾಲೆಯಿಂದ ವೃದ್ಧಾಶ್ರಮಕ್ಕೆ ಭೇಟಿ ಕೊಟ್ಟ ಹುಡುಗಿಯೊಬ್ಬಳು ಅಲ್ಲಿ ತನ್ನ ಅಜ್ಜಿಯನ್ನೇ ಕಂಡು ಅಪ್ಪಿಕೊಂಡು ಅಳುತ್ತಿರುವ ಚಿತ್ರ. ಹನ್ನೊಂದು ವರ್ಷದ ನಂತರ, 2018ರಲ್ಲಿ, ಅದು ಮೊಬೈಲಿನಿಂದ ಮೊಬೈಲಿಗೆ ಹಾರಿ ದೇಶವನ್ನೆಲ್ಲ ಸುತ್ತಿತು. ನಮ್ಮ ಸ್ಟಾಫ್ ರೂಮಿಗೂ ಬಂತು. ಆ ಮಗ ಸೊಸೆಯರನ್ನು ಬೈಯದವರೇ ಇಲ್ಲ. ಆಮೇಲೆ ಆ ಮೊಮ್ಮಗಳು, ಅಜ್ಜಿ ಇಬ್ಬರೂ ಸುದ್ದಿಗಾರರಿಗೆ ಹೇಳಿದ್ದು ಬೇರೆ: ಅಜ್ಜಿ ಅಲ್ಲಿಗೆ ತನ್ನ ಇಷ್ಟದಿಂದಲೇ ಹೋಗಿದ್ದರು. ಬೈಗುಳ ಹೊತ್ತ ಚಿತ್ರ ಸುತ್ತಿದಷ್ಟು ಈ ಮಾತು ಸುತ್ತಲಿಲ್ಲ. ಅಜ್ಜಿಗೂ ಒಂದು ಇಷ್ಟ ಇರಬಹುದೆಂಬ ಸಾಧ್ಯತೆಗೆ ನಮ್ಮ ಕಥೆಯಲ್ಲಿ ಜಾಗವೇ ಇರಲಿಲ್ಲವಲ್ಲ!

ಮಕ್ಕಳ ಪ್ರಬಂಧಗಳಲ್ಲಿ ಕಾಣುವ ಇನ್ನೊಂದು ಮಾತು, ವೃದ್ಧಾಶ್ರಮವೆಂಬುದು ಪಾಶ್ಚಾತ್ಯರಿಂದ ನೆನ್ನೆ ಮೊನ್ನೆ ಬಂದ ಪಿಡುಗು ಎಂಬುದು. ಫ್ರಾನ್ಸಿನಲ್ಲಿ 1839ರಲ್ಲಿ ಜೀನ್ ಜುಗಾನ್ ಎಂಬ ಬಡ ಹೆಂಗಸು, ದಿಕ್ಕಿಲ್ಲದ ಕುರುಡು ಮುದುಕಿಯೊಬ್ಬಳನ್ನು ಮನೆಗೆ ಕರೆತಂದು ತನ್ನ ಹಾಸಿಗೆ ಬಿಟ್ಟುಕೊಟ್ಟಳು. ಅದೇ ‘ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್’ ಸಂಸ್ಥೆಯ ಆರಂಭ. ಅವರು 1882ರಲ್ಲೇ ಕಲ್ಕತ್ತೆಗೆ ಬಂದರು. ಬೆಂಗಳೂರಿನ ಹೊಸೂರು ರಸ್ತೆಯಲ್ಲೂ ಅವರ ಆಶ್ರಮವಿದೆ. ಹುಟ್ಟಿದ್ದು ಹೊರಗೇ ಇರಬಹುದು, ಆದರೆ ನೆನ್ನೆ ಮೊನ್ನೆಯದಂತೂ ಅಲ್ಲ; ಮಗ ಹೊರಗೆ ಹಾಕಿದ ಕಥೆಯಿಂದ ಹುಟ್ಟಿದ್ದೂ ಅಲ್ಲ. ನೋಡುವವರೇ ಇಲ್ಲದವರಿಗೆ ಒಂದು ಹಾಸಿಗೆ ಬೇಕಿತ್ತು ಎಂಬುದರಿಂದ ಹುಟ್ಟಿದ್ದು.

ಇನ್ನು ‘ಮನೆಯಲ್ಲೇ ನೋಡಿಕೊಳ್ಳುವುದು’ ಎಂಬ ಮಾತಿಗೆ ಬರೋಣ. ನಮ್ಮ ಅತ್ತೆಯವರು ಪಾರ್ಶ್ವವಾಯು ಹೊಡೆದು ನಾಲ್ಕು ವರ್ಷ ನಮ್ಮ ಮನೆಯ ನಡುಮನೆ ಪಕ್ಕದ ಕೋಣೆಯಲ್ಲಿ ಮಲಗಿದ್ದರು. ಹಗಲು ಒಂಬತ್ತರಿಂದ ಐದರವರೆಗೆ ಸಂಬಳಕ್ಕೆ ಒಬ್ಬ ಹೆಂಗಸು ಬರುತ್ತಿದ್ದಳು. ಐದರಿಂದ ಮಾರನೆಯ ಬೆಳಿಗ್ಗೆ ಒಂಬತ್ತರವರೆಗೆ ನಾನು. ರಾತ್ರಿ ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಎದ್ದು ಮಗ್ಗುಲು ಬದಲಿಸಿ, ಬಟ್ಟೆ ಒದ್ದೆಯಾಗಿದ್ದರೆ ತೆಗೆದು, ಮತ್ತೆ ಬೆಳಿಗ್ಗೆ ಮೊದಲ ಪೀರಿಯಡ್ಡಿಗೆ ಹೊಸಗನ್ನಡದ ಪದ್ಯ. ನಮ್ಮವರು ಒಳ್ಳೆಯವರು, ತಾಯಿಯ ಮೇಲೆ ಜೀವವಿಟ್ಟುಕೊಂಡವರು. ಔಷಧಿ ತರುವುದು, ಡಾಕ್ಟರನ್ನು ಕರೆತರುವುದು, ರಾತ್ರಿ ಊಟವಾದ ಮೇಲೆ ತಾಯಿಯ ಕಾಲೊತ್ತುತ್ತ ಕೂರುವುದು, ಯಾವುದನ್ನೂ ಅವರು ತಪ್ಪಿಸಲಿಲ್ಲ. ಅತ್ತೆಯವರು ತೀರಿಕೊಂಡಾಗ ಬಂದ ನೆಂಟರೆಲ್ಲ, ‘ಅಮ್ಮನ್ನ ಆಶ್ರಮಕ್ಕೆ ಹಾಕ್ಲಿಲ್ಲ ನೋಡಿ, ಮಗ ಅಂದ್ರೆ ಹೀಗಿರ್ಬೇಕು’ ಎಂದರು. ಒಬ್ಬ ಚಿಕ್ಕತ್ತೆ ಮಾತ್ರ ನನ್ನ ಕೈ ಹಿಡಿದು, ಅಂಗೈಯ ಒರಟನ್ನು ಮುಟ್ಟಿ ನೋಡಿ ಸುಮ್ಮನಾದರು.

ಈ ಮಾತನ್ನು ನಾನು ಹೊಗಳಿಕೆ ಬರಲಿಲ್ಲವೆಂಬ ಸಿಟ್ಟಿಗೆ ಬರೆಯುತ್ತಿಲ್ಲ. ಹೇಳಬೇಕಾದ್ದು ಇಷ್ಟೇ: ಆ ನಾಲ್ಕು ವರ್ಷ ನಮ್ಮ ಮನೆಯೇ ಒಂದು ವೃದ್ಧಾಶ್ರಮವಾಗಿತ್ತು. ಅಲ್ಲೂ ಹಗಲುಪಾಳಿ, ರಾತ್ರಿಪಾಳಿ ಇದ್ದವು. ಔಷಧಿಯ ಪಟ್ಟಿ ಗೋಡೆಯ ಮೇಲಿತ್ತು. ಸಿಬ್ಬಂದಿ ಇಬ್ಬರು, ಒಬ್ಬಳಿಗೆ ಸಂಬಳ, ಇನ್ನೊಬ್ಬಳಿಗೆ ಇಲ್ಲ. ಮನೆ ಎಂದರೆ ಪುಣ್ಯ, ಆಶ್ರಮ ಎಂದರೆ ಪಾಪ ಎಂದು ಗೆರೆ ಎಳೆಯುವ ಕಥೆ, ಎರಡೂ ಕಡೆ ಅದೇ ಕೆಲಸ ನಡೆಯುತ್ತದೆ ಎಂಬುದನ್ನು ಮುಚ್ಚಿಡುತ್ತದೆ. ಕೆಲಸ ಮುಚ್ಚಿಹೋದರೆ ಕೆಲಸದವರೂ ಮುಚ್ಚಿಹೋಗುತ್ತಾರೆ.

ಮಗನೇ ಇಲ್ಲದವರ ಗತಿ ಏನು? ನಮ್ಮ ಶಾಲೆಯಲ್ಲಿ ಹಿಂದಿ ಪಾಠ ಹೇಳುತ್ತಿದ್ದ, ನನಗಿಂತ ಇಪ್ಪತ್ತು ವರ್ಷ ಹಿರಿಯರಾದ ಮೇಡಂ ಒಬ್ಬರಿದ್ದಾರೆ. ಹೆಸರು ಬೇಡ, ನಾವೆಲ್ಲ ಹಿಂದಿ ಮೇಡಂ ಎಂದೇ ಕರೆಯುವುದು. ತಮ್ಮಂದಿರನ್ನು ದಡ ಸೇರಿಸುವುದರಲ್ಲಿ ತಮ್ಮ ಮದುವೆ ತಪ್ಪಿಸಿಕೊಂಡವರು. ಪಿಂಚಣಿ ಇದೆ, ತಲೆ ಚುರುಕಾಗಿದೆ, ಮಂಡಿ ಮಾತ್ರ ಕೈಕೊಟ್ಟಿತು. ಒಂಟಿಯಾಗಿರಲು ಆಗದೆ ತಾವೇ ವಿಚಾರಿಸಿ, ತಾವೇ ಠೇವಣಿ ಕಟ್ಟಿ ಒಂದು ಆಶ್ರಮಕ್ಕೆ ಹೋದರು. ‘ನನ್ನನ್ನ ಯಾರೂ ಹೊರಗೆ ಹಾಕ್ಲಿಲ್ಲ ಕಣಮ್ಮಾ, ಆದ್ರೂ ಬಂದೋರೆಲ್ಲ ಅಯ್ಯೋ ಪಾಪ ಅಂತಾರೆ. ನನ್ನ ಕಥೆ ಕೇಳೋಕೆ ಅಂತ ಬಂದು, ಕಥೆ ಇಲ್ಲ ಅಂತ ಗೊತ್ತಾದ್ರೆ ಅವ್ರಿಗೇ ಬೇಜಾರು’ ಎಂದು ನಗುತ್ತಿದ್ದರು.

ಅವರು ಮೊದಲು ಸೇರಿದ ಆಶ್ರಮ ನೋಡಲು ಅರಮನೆಯಂತಿತ್ತು. ಮುಂದೆ ಗ್ರಾನೈಟ್ ಹಾಸಿದ ಪ್ರಾರ್ಥನಾ ಮಂದಿರ, ಗೋಡೆಯ ತುಂಬ ದಾನಿಗಳ ಹೆಸರಿನ ಫಲಕ, ಸಂಜೆ ಭಜನೆ. ಬಚ್ಚಲುಮನೆಯಲ್ಲಿ ಮಾತ್ರ ಹಿಡಿದುಕೊಳ್ಳಲು ಒಂದು ಸರಳೂ ಇರಲಿಲ್ಲ. ನೆಲ ಕನ್ನಡಿಯಂತೆ ಹೊಳೆಯುವ ಟೈಲ್ಸು. ರಾತ್ರಿ ಒಂದು ಮಹಡಿಗೆ ಒಬ್ಬಳೇ ಆಯಾ. ಒಂದು ರಾತ್ರಿ ಮೇಡಂ ಬಚ್ಚಲಿಗೆ ಹೋಗುವಾಗ ಜಾರಿ ಬಿದ್ದರು. ಕರೆಗಂಟೆ ಮಂಚದ ಹತ್ತಿರ, ಇವರು ಬಚ್ಚಲಲ್ಲಿ. ಆಯಾ ಬಂದು ನೋಡುವಷ್ಟರಲ್ಲಿ ಬೆಳಗಿನ ಜಾವ. ಸೊಂಟದ ಮೂಳೆ ಮುರಿದಿತ್ತು. ಆಡಳಿತದವರು ಆಯಾಳನ್ನು ಕೆಲಸದಿಂದ ತೆಗೆದುಹಾಕಿ ತಮ್ಮ ಕರ್ತವ್ಯ ಮುಗಿಯಿತೆಂದುಕೊಂಡರು. ಠೇವಣಿ ವಾಪಸು ಕೇಳಿದಾಗ, ಕರಾರಿನಲ್ಲಿ ಹಾಗೆ ಬರೆದಿಲ್ಲ ಎಂದರು. ಕರಾರು ಓದಿದೆವು, ಊಟದ ಹೊತ್ತು, ಸಂದರ್ಶಕರ ಹೊತ್ತು, ಶುಲ್ಕ ತಡವಾದರೆ ದಂಡ, ಎಲ್ಲವೂ ಇತ್ತು. ರಾತ್ರಿ ಎಷ್ಟು ಜನ ಎದ್ದಿರುತ್ತಾರೆ ಎಂಬುದು ಇರಲಿಲ್ಲ.

ಈಗ ಅವರಿರುವ ಎರಡನೆಯ ಆಶ್ರಮ ಕೆಂಪು ಗಾರೆ ನೆಲದ ಹಳೆಯ ಮನೆ. ಫಲಕವಿಲ್ಲ, ಮಂದಿರವಿಲ್ಲ. ಬಚ್ಚಲಿನ ಗೋಡೆಗೆ ಎರಡು ಕಡೆ ಕಬ್ಬಿಣದ ಸರಳು, ಕಮೋಡಿನ ಪಕ್ಕದಲ್ಲೂ ಎಳೆಯುವ ಗಂಟೆಯ ಹಗ್ಗ. ಪ್ರತಿ ಮಂಚದ ಕಾಲಿಗೆ ಒಂದು ರಟ್ಟು ಕಟ್ಟಿ ಅದರಲ್ಲಿ ಯಾವ ಹೊತ್ತಿಗೆ ಯಾವ ಮಗ್ಗುಲು, ಯಾವ ಮಾತ್ರೆ ಕೊಟ್ಟದ್ದು ಯಾರು ಎಂದು ಬರೆದಿರುತ್ತಾರೆ. ತಿಂಗಳಿಗೊಮ್ಮೆ ಎಲ್ಲರ ತೂಕ ನೋಡುತ್ತಾರೆ. ತೂಕ ಇಳಿದರೆ ಅಡಿಗೆಯವಳನ್ನೂ ಡಾಕ್ಟರನ್ನೂ ಇಬ್ಬರನ್ನೂ ಕೇಳುತ್ತಾರೆ. ಹಲ್ಲಿಲ್ಲದವರಿಗೆ ಚಪಾತಿ ಹಾಕಿ ‘ಊಟ ಮಾಡಲ್ಲ ಇವರು’ ಎಂದು ಬರೆಯುವುದಿಲ್ಲ. ನುಂಗಲು ಕಷ್ಟವಿರುವವರಿಗೆ ನೇರ ಕೂರಿಸಿ, ಗಟ್ಟಿ ಗಂಜಿಯನ್ನು ಚಮಚ ಚಮಚವಾಗಿ ಕೊಡುತ್ತಾರೆ. ಮಲಗಿಸಿ ನೀರು ಹುಯ್ದರೆ ಅದು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆದೀತೆಂದು ಅಲ್ಲಿನ ಏಳನೇ ಕ್ಲಾಸು ಓದಿದ ಆಯಾಗೂ ಗೊತ್ತು. ಗೊತ್ತು ಎಂದರೆ ಯಾರೋ ಹೇಳಿಕೊಟ್ಟಿದ್ದಾರೆ ಎಂದು ಅರ್ಥ.

ಆಶ್ರಮ ನಡೆಸುವುದೆಂದರೆ ದೊಡ್ಡ ಮನಸ್ಸಿದ್ದರೆ ಸಾಕು ಎಂದು ನಾವು ತಿಳಿದಿದ್ದೇವೆ. ದೊಡ್ಡ ಮನಸ್ಸು ಬೇಕು ನಿಜ, ಅದರ ಜತೆಗೆ ಮಗ್ಗಿಯೂ ಬೇಕು. ಒಂದು ಸಣ್ಣ ಲೆಕ್ಕ ಹಾಕೋಣ. ಹಾಸಿಗೆ ಹಿಡಿದು ತಾವಾಗಿ ಹೊರಳಲಾರದವರ ಮಗ್ಗುಲನ್ನು ಸುಮಾರು ಎರಡು ಗಂಟೆಗೊಮ್ಮೆ ಬದಲಿಸಬೇಕೆಂಬುದು ಶುಶ್ರೂಷೆಯ ಹಳೆಯ ಪಾಠ. ಇಲ್ಲದಿದ್ದರೆ ಸೊಂಟ, ಹಿಮ್ಮಡಿಗಳಲ್ಲಿ ಹುಣ್ಣು ಬೀಳುತ್ತದೆ. ಆಳಕ್ಕೆ ಹೋದರೆ ಮೂಳೆಗೂ ಮುಟ್ಟುತ್ತದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಎಂಟು ಗಂಟೆ. ಒಬ್ಬೊಬ್ಬರಿಗೆ ನಾಲ್ಕು ಸಲ. ಅಂಥವರು ಹತ್ತು ಜನರಿದ್ದರೆ ನಲವತ್ತು ಸಲ. ಒದ್ದೆ ಬಟ್ಟೆ ಬದಲಿಸಿ, ಒರೆಸಿ, ದಿಂಬು ಕೊಟ್ಟು ಮಲಗಿಸಲು ಒಂದು ಸಲಕ್ಕೆ ಹತ್ತು ನಿಮಿಷ ಹಿಡಿಯಿರಿ. ನಾನೂರು ನಿಮಿಷ, ಅಂದರೆ ಆರು ಗಂಟೆ ನಲವತ್ತು ನಿಮಿಷ. ಉಳಿದದ್ದು ಒಂದು ಗಂಟೆ ಇಪ್ಪತ್ತು ನಿಮಿಷ. ಅಷ್ಟರಲ್ಲಿ ಬಚ್ಚಲಿಗೆ ಕರೆದೊಯ್ಯುವುದು, ನೀರು ಕೇಳಿದವರಿಗೆ ಕೊಡುವುದು, ಮರೆಗುಳಿ ರೋಗದವರು ಬಾಗಿಲು ತೆಗೆದು ಬೀದಿಗೆ ಹೋಗದಂತೆ ನೋಡುವುದು. ಇದು ಒಬ್ಬಳೇ ಆಯಾ ಕೂರದೆ ನಿಲ್ಲದೆ ಮಾಡಿದರೆ. ಆದರೆ ಭಾರಿ ಮೈಯವರನ್ನು ಒಬ್ಬಳೇ ಹೊರಳಿಸಲಾಗುವುದಿಲ್ಲ, ಇಬ್ಬರು ಬೇಕು. ಲೆಕ್ಕ ಅಲ್ಲಿಗೇ ಮುರಿದುಬೀಳುತ್ತದೆ. ಲೆಕ್ಕ ಮುರಿದ ಕಡೆ ಏನಾಗುತ್ತದೆ ಎಂದು ಕೇಳಬೇಕಾಗಿಲ್ಲ. ಯಾರಿಗೋ ಹುಣ್ಣಾಗುತ್ತದೆ, ಯಾರಿಗೋ ರಾತ್ರಿ ನೀರು ಕೊಡುವುದನ್ನೇ ನಿಲ್ಲಿಸುತ್ತಾರೆ, ಯಾರನ್ನೋ ಮಂಚಕ್ಕೆ ಕಟ್ಟಿಹಾಕುತ್ತಾರೆ. ಆಯಾ ಕ್ರೂರಿಯಾದ್ದರಿಂದಲೇ ಇದೆಲ್ಲ ಆಗಬೇಕೆಂದಿಲ್ಲ. ಅವಳು ಒಬ್ಬಳಾದ್ದರಿಂದಲೂ ಆಗುತ್ತದೆ.

ಎರಡು ವರ್ಷದ ಹಿಂದೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಇದೇ ವಿಷಯದ ಪ್ರಬಂಧದಲ್ಲಿ ಬೇರೆಯವರಂತೆ ಬರೆದಿರಲಿಲ್ಲ. ‘ನಮ್ಮ ಅಮ್ಮ ವೃದ್ಧಾಶ್ರಮದಲ್ಲಿ ರಾತ್ರಿ ಡ್ಯೂಟಿ ಮಾಡುತ್ತಾರೆ. ಅವರು ಬೇರೆಯವರ ಅಜ್ಜಿಯನ್ನು ನೋಡಿಕೊಳ್ಳುವಾಗ ನಮ್ಮ ಅಜ್ಜಿಯನ್ನು ನಾನು ನೋಡಿಕೊಳ್ಳುತ್ತೇನೆ’ ಎಂದು ಎರಡೇ ವಾಕ್ಯ ಬರೆದು, ಮುಂದೇನು ಬರೆಯಬೇಕೆಂದು ತೋಚದೆ, ಮಾಮೂಲಿ ಪಾಪಿ ಮಗನ ಕಥೆಗೆ ಹೊರಳಿದ್ದಳು. ಆ ಎರಡು ವಾಕ್ಯಗಳಲ್ಲಿ ಒಂದು ಕಾದಂಬರಿಯೇ ಇದೆ. ಅದನ್ನು ಮುಂದುವರಿಸುವ ಮಾದರಿಯನ್ನು ನಮ್ಮ ಯಾವ ಕಥೆಯೂ ಆ ಮಗುವಿಗೆ ಕೊಟ್ಟಿರಲಿಲ್ಲ.

ದಾನಿಗಳ ವಿಷಯವೂ ಈ ಕಥೆಯ ಮಗುವೇ. ಆಶ್ರಮ ಎಂದರೆ ದುಃಖದ ಮನೆ ಎಂದು ನಂಬಿರುವುದರಿಂದ, ಅಲ್ಲಿಗೆ ಹೋಗಿ ಸಂತೋಷ ಹಂಚುವುದು ಪುಣ್ಯ ಎಂದಾಗಿದೆ. ಮಗುವಿನ ಹುಟ್ಟುಹಬ್ಬ, ಹಿರಿಯರ ತಿಥಿ, ನಾಯಕರ ಜನ್ಮದಿನ, ಎಲ್ಲಕ್ಕೂ ಅನ್ನದಾನ. ಹಿಂದಿ ಮೇಡಂ ಹೇಳುವ ಪ್ರಕಾರ ಶ್ರಾವಣದಲ್ಲಿ ಒಂದು ವಾರಕ್ಕೆ ನಾಲ್ಕು ದಿನ ಹೋಳಿಗೆ. ಅಲ್ಲಿ ಅರ್ಧಕ್ಕರ್ಧ ಜನ ಸಕ್ಕರೆ ಕಾಯಿಲೆಯವರು. ದಾನಿಗಳು ಬಂದು ಫೋಟೋ ತೆಗೆಯುವವರೆಗೆ ಒಂದೂವರೆಯಾದರೂ ಎಲೆಗೆ ಕೈ ಹಾಕುವಂತಿಲ್ಲ. ಹನ್ನೊಂದಕ್ಕೇ ಇನ್ಸುಲಿನ್ ಹಾಕಿಸಿಕೊಂಡವರು ತಲೆ ಸುತ್ತಿ ಕೂತಿರುತ್ತಾರೆ. ‘ಹೋಳಿಗೆ ಕೊಡೋರು ನೂರು ಜನ ಸಿಗ್ತಾರೆ. ಒಂದು ತಿಂಗಳು ರಾತ್ರಿ ಆಯಾ ಸಂಬಳ ನಂದು ಅನ್ನೋರು ಒಬ್ರೂ ಇಲ್ಲ. ಡೈಪರ್ ಮೇಲೆ ದಾನಿ ಹೆಸರು ಬರೆಸೋಕೆ ಆಗಲ್ಲ ನೋಡು’ ಎಂದು ಮೇಡಂ ಹೇಳಿದಾಗ ನನಗೆ ನಗುವೂ ಬಂತು, ನಗಬಾರದು ಅಂತಲೂ ಅನ್ನಿಸಿತು.

ನಮ್ಮ ಚಿತ್ರಗಳಲ್ಲಿ ಕಾಯಿಲೆಯ ಮುಪ್ಪನ್ನು ನೇರವಾಗಿ ನೋಡಿದ್ದು 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’. ಹೇಮಂತ್ ರಾವ್ ನಿರ್ದೇಶಿಸಿದ ಈ ಚಿತ್ರದಲ್ಲಿ ಅನಂತನಾಗ್ ಅವರ ವೆಂಕೋಬರಾವ್ ಅಲ್‌ಝೈಮರ್ ರೋಗಿ. ಆರೈಕೆ ಕೇಂದ್ರದಲ್ಲಿದ್ದಾರೆ. ಮುಂಬೈಯಲ್ಲಿ ಕೆಲಸ ಮಾಡುವ ಮಗ ಬಂದು ಹೊರಗೆ ಕರೆದೊಯ್ದ ದಿನವೇ ಕಳೆದುಹೋಗುತ್ತಾರೆ. ಕಾಣೆಯಾದವರ ಪ್ರಕಟಣೆಯಲ್ಲಿ ತಂದೆಯನ್ನು ವರ್ಣಿಸುವ ಪದಗಳೇ ಚಿತ್ರದ ಹೆಸರು. ಅಷ್ಟು ದಿನ ಜತೆಗೆ ಬದುಕಿದ ತಂದೆಯ ಬಗ್ಗೆ ಮಗನಿಗೆ ಯಾರಿಗೂ ಹೊಂದಬಹುದಾದ ಆ ಮೂರು ನಾಲ್ಕು ಪದಗಳಷ್ಟೇ ಗೊತ್ತಿರುವುದು; ಇದಕ್ಕಿಂತ ಚುರುಕಾದ ಟೀಕೆ ಇನ್ನೊಂದಿಲ್ಲ. ಅನಂತನಾಗ್ ಅವರು ಆ ಮರೆವನ್ನು ಹಾಸ್ಯಕ್ಕೂ ಬಳಸಲಿಲ್ಲ, ಗೋಳಿಗೂ ಬಳಸಲಿಲ್ಲ. ಒಂದು ಮುಗ್ಧ ಘನತೆ ಕೊಟ್ಟರು. ಶ್ರುತಿ ಹರಿಹರನ್ ಅವರ ವೈದ್ಯೆಯ ಪಾತ್ರದ ಮೂಲಕ, ಆರೈಕೆ ಕೇಂದ್ರವು ಪಾಪದ ಕೂಪವಲ್ಲ, ಬಲ್ಲವರು ಕೆಲಸ ಮಾಡುವ ಜಾಗ ಎಂಬುದನ್ನೂ ಚಿತ್ರ ಒಪ್ಪಿಕೊಂಡಿತು. ಇದು ದೊಡ್ಡ ಹೆಜ್ಜೆ.

ಆದರೂ ನನ್ನದೊಂದು ತಕರಾರಿದೆ. ಚಿತ್ರ ಬೇಗನೆ ಆ ಕೇಂದ್ರವನ್ನು ಬಿಟ್ಟು ಕೊಲೆಗಡುಕರ ಹಿಂದೆ, ಮಗನ ಹುಡುಕಾಟದ ಹಿಂದೆ ಹೊರಟುಬಿಡುತ್ತದೆ. ಮಗನ ಮನಸ್ಸು ಕರಗಿತೋ ಇಲ್ಲವೋ ಎಂಬುದೇ ಕೊನೆಗೂ ಕಥೆಯ ಅಳತೆಗೋಲು. ಮರೆಗುಳಿಯವರು ಅಲೆದು ಹೋಗುವುದು ಆ ರೋಗದ ಒಂದು ಸಾಮಾನ್ಯ ಲಕ್ಷಣ. ಅದನ್ನು ತಡೆಯಲು ಬೀಗ ಹಾಕಿ ಕೂಡಿಹಾಕದೆ ಏನು ಮಾಡಬೇಕು, ಓಡಾಡಲು ಸುತ್ತುದಾರಿ ಬೇಕೇ, ಕೈಗೆ ವಿಳಾಸದ ಪಟ್ಟಿ ಬೇಕೇ, ಸಂಜೆಯ ಚಡಪಡಿಕೆಯ ಹೊತ್ತಿಗೆ ಯಾರು ಜತೆಗಿರಬೇಕು ಎಂಬುವು ನಾಟಕೀಯವಲ್ಲದ ಪ್ರಶ್ನೆಗಳು. ವೆಂಕೋಬರಾಯರು ಸಿಕ್ಕಿದರೆ ನಮಗೆ ಸಮಾಧಾನ. ಮಾರನೆಯ ದಿನದಿಂದ ಅವರನ್ನು ನೋಡಿಕೊಳ್ಳುವವರು ಯಾರು, ಎಷ್ಟು ಹೊತ್ತು ಎಂಬುದನ್ನು ಕೇಳದೆ ನಾವು ಚಿತ್ರಮಂದಿರದಿಂದ ಎದ್ದು ಬರುತ್ತೇವೆ.

ಸಿನಿಮಾದವರನ್ನೇ ಯಾಕೆ ದೂರಬೇಕು, ನಮ್ಮ ಕಾಯ್ದೆಯೂ ಇದೇ ಕಥೆಯನ್ನು ಓದಿಕೊಂಡಂತಿದೆ. 2007ರಲ್ಲಿ ತಂದೆ ತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣದ ಕೇಂದ್ರ ಕಾಯ್ದೆ ಬಂತು. ಒಳ್ಳೆಯ ಕಾಯ್ದೆ. ನೋಡದ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿಯವರೆಗೆ ಜೀವನಾಂಶ ಕೊಡಿಸಬಹುದು, ವಕೀಲರ ಖರ್ಚಿಲ್ಲದೆ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ ಆ ಪತ್ರ ರದ್ದಾಗಬಹುದು. ಹಿರಿಯರನ್ನು ತೊರೆದವರಿಗೆ 24ನೇ ಕಲಮಿನಲ್ಲಿ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದು ಮಗನ ಪಾಲು. ಆಶ್ರಮದ ಪಾಲು 19ನೇ ಕಲಮು. ಜಿಲ್ಲೆಗೆ ಒಂದಾದರೂ, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸಾಲುವಂತೆ ರಾಜ್ಯ ಸರ್ಕಾರಗಳು ವೃದ್ಧಾಶ್ರಮ ಸ್ಥಾಪಿಸಬಹುದು. ಅವುಗಳ ನಿರ್ವಹಣೆಗೆ, ಗುಣಮಟ್ಟಕ್ಕೆ ನಿಯಮ ಮಾಡಬಹುದು. ವ್ಯಾಕರಣದ ಮೇಡಂ ಆಗಿ ನಾನು ಆ ‘ಬಹುದು’ ಎಂಬ ಪ್ರತ್ಯಯದ ಕಡೆ ಬೆರಳು ತೋರಿಸಲೇಬೇಕು. ‘ತಕ್ಕದ್ದು’ ಎಂದಿದ್ದರೆ ಅರ್ಥ ಬೇರೆಯಾಗುತ್ತಿತ್ತು. ಆಶ್ರಮಗಳು ನೋಂದಣಿ ಮಾಡಿಸಿ ಕನಿಷ್ಠ ಗುಣಮಟ್ಟ ಪಾಲಿಸಬೇಕೆಂಬ ತಿದ್ದುಪಡಿ ಮಸೂದೆಯನ್ನು 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿಸಿದರು. ಆ ಲೋಕಸಭೆಯ ಅವಧಿ 2024ರಲ್ಲಿ ಮುಗಿಯಿತು, ಮಸೂದೆ ಕಾಯ್ದೆಯಾಗಲಿಲ್ಲ. ಅದಕ್ಕಾಗಿ ಬೀದಿಗಿಳಿದವರನ್ನು ನಾನು ಕಾಣಲಿಲ್ಲ. ಪಾಪಿ ಮಗನ ಮೇಲೆ ನಮಗಿರುವ ಸಿಟ್ಟಿನಲ್ಲಿ ಹತ್ತರಲ್ಲೊಂದು ಪಾಲು ಒಂದು ‘ಬಹುದು’ವಿನ ಮೇಲೆ ಬರುವುದಿಲ್ಲ.

2011ರ ಜನಗಣತಿಯಲ್ಲಿ ಅರವತ್ತು ದಾಟಿದವರು ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು. ಅಷ್ಟು ಜನರಿಗೂ ಒಳ್ಳೆಯ ಮಗನನ್ನು ಹಂಚುವುದು ಯಾವ ಕಥೆಗಾರನ ಕೈಯಲ್ಲೂ ಇಲ್ಲ. ಒಳ್ಳೆಯ ಮಗನಿದ್ದರೂ ಅವನು ಕೆಲಸಕ್ಕೆ ಹೋಗಬೇಕು, ಸೊಸೆಯೂ ಹೋಗಬೇಕು. ನನ್ನ ಮಗಳು ಬೆಂಗಳೂರಿನಲ್ಲಿದ್ದಾಳೆ. ಅವಳು ನನ್ನನ್ನು ಕೈಬಿಡುವವಳಲ್ಲ, ಅದು ನನಗೆ ಗೊತ್ತು. ಆದರೆ ನಾನು ಮಾಡಿದ ಆ ರಾತ್ರಿಪಾಳಿಯನ್ನು ಅವಳು ಮಾಡಬೇಕೆಂದು ನನಗೆ ಅನ್ನಿಸುವುದಿಲ್ಲ. ಅವಳು ವಾರಕ್ಕೊಮ್ಮೆ ಬಂದು ನಿದ್ದೆಗೆಟ್ಟಿರದ ಕಣ್ಣಿನಲ್ಲಿ ನನ್ನ ಮುಖ ನೋಡಿ, ಮಾತಾಡಿ, ಮಂಚದ ಕಾಲಿನ ರಟ್ಟನ್ನೊಮ್ಮೆ ಓದಿ, ತಪ್ಪಿದ್ದರೆ ಜಗಳ ಮಾಡಿ ಹೋದರೆ, ಅದೂ ಮಗಳು ತಾಯಿಯನ್ನು ನೋಡಿಕೊಂಡಂತೆಯೇ.

ಕಣ್ಣೀರಿಲ್ಲದೆ ಇದನ್ನೆಲ್ಲ ಹೇಳಿದರೆ ಕಲೆಯಾಗುವುದಿಲ್ಲ ಎನ್ನುವವರಿಗೆ ನನ್ನ ಉತ್ತರ ‘ತಬರನ ಕಥೆ’. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಗಿರೀಶ ಕಾಸರವಳ್ಳಿಯವರು 1986ರಲ್ಲಿ ಚಿತ್ರ ಮಾಡಿದರು. ತಬರನಾದ ಚಾರುಹಾಸನ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅದೂ ಮುಪ್ಪಿನ ಕಥೆಯೇ. ಹೆಂಡತಿಯ ಕಾಲು ಕೊಳೆಯುತ್ತಿದೆ, ಪಿಂಚಣಿ ಬರುತ್ತಿಲ್ಲ. ಅಲ್ಲಿ ಬೈಯಲು ಒಬ್ಬ ಪಾಪಿ ಮಗನನ್ನು ಮುಂದೆ ತಂದು ನಿಲ್ಲಿಸಲಿಲ್ಲ. ಕಚೇರಿ, ಕಡತ, ರಸೀದಿ, ‘ನಾಳೆ ಬಾ’ ಎಂಬ ಮಾತು, ಇವನ್ನೇ ಒಂದೊಂದಾಗಿ ತೋರಿಸಿದರು. ಕಡತದಿಂದಲೂ ಮನುಷ್ಯ ಸಾಯಬಹುದೆಂದು ನಮಗೆ ಆವತ್ತು ಗೊತ್ತಾಯಿತು. ಪಿಂಚಣಿ ಕಚೇರಿಗೆ ಸಿಕ್ಕ ಆ ಕಣ್ಣು ವೃದ್ಧಾಶ್ರಮಕ್ಕೆ ಇನ್ನೂ ಸಿಕ್ಕಿಲ್ಲ. ಯಾರಾದರೂ ಕಥೆಗಾರರು, ನಿರ್ದೇಶಕರು ಕಿಟಕಿಯಲ್ಲಿ ದಾರಿ ಕಾಯುವ ಮುಖವನ್ನು ಬಿಟ್ಟು, ಆ ಕೋಣೆಯ ಒಳಗೆ ರಾತ್ರಿ ಎರಡು ಗಂಟೆಗೆ ಒಬ್ಬಳು ಹೆಂಗಸು ಇನ್ನೊಬ್ಬಳು ಹೆಂಗಸನ್ನು ಎಡಮಗ್ಗುಲಿನಿಂದ ಬಲಮಗ್ಗುಲಿಗೆ ಹೊರಳಿಸುವುದನ್ನು ನೋಡಬೇಕು. ಅವಳಿಗೆ ಸಂಬಳವೆಷ್ಟು, ಜತೆಗೆ ಇನ್ನೊಬ್ಬಳು ಇದ್ದಾಳೆಯೇ, ಬೆಳಿಗ್ಗೆ ಅವಳು ಯಾವ ಬಸ್ಸು ಹಿಡಿಯಬೇಕು ಎಂದು ಕೇಳಬೇಕು. ಹಾಗೆ ಬರೆದ ಕಥೆ ಓದಿ ಅಳು ಬಂದರೆ ಬರಲಿ. ಅತ್ತು ಮುಗಿದ ಮೇಲೆ ಮಾಡಲಿಕ್ಕೆ ಒಂದಿಷ್ಟು ಕೆಲಸವಾದರೂ ನಮಗೆ ಕಾಣುತ್ತದೆ.